ಗೌರವ್ವನ ಎಮ್ಮೆಯೂ ನಮ್ಮ ಸೌಜನ್ಯದ ಅಂಕವೂ

‘ವಿಜ್ಞಾನಿಗಳು ಹೇಳಿದ್ದಾರೆ’ ಎಂದು ಶುರುವಾಗುವ ಸುದ್ದಿಯನ್ನು ನಾನು ನಂಬುವುದಿಲ್ಲ. ಹಾಗೆಂದು ಕೇಳದೆ ಬಿಡುವುದೂ ಇಲ್ಲ. ನನ್ನ ಗಂಡ ಗುರುಪುತ್ರಪ್ಪ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾರೆ, ನಾನು ಒಲೆಯ ಮುಂದೆ ನಿಂತು ತಕರಾರು ತೆಗೆಯುತ್ತೇನೆ. ಹೋದ ತಿಂಗಳು ಕಾಫಿ ಹೃದಯಕ್ಕೆ ಒಳ್ಳೆಯದಾಗಿತ್ತು, ಈ ತಿಂಗಳು ಕೆಟ್ಟದ್ದು. ನಮ್ಮ ಮನೆಯಲ್ಲಿ ಕಾಫಿಯನ್ನೇ ಮಾಡುವುದಿಲ್ಲ, ಆದರೂ ಈ ವಿಷಯಕ್ಕೆ ನಾವಿಬ್ಬರೂ ಅರ್ಧ ಗಂಟೆ ಜಗಳವಾಡಿದ್ದೇವೆ.

ಬೆಳಗಾವಿಯ ಕ್ಯಾಂಪ್ ಬಡಾವಣೆಯ ಒಂದು ಹಳೆಯ ಬಂಗಲೆಯಲ್ಲಿ ನನ್ನ ಆಫೀಸು. ಪಂಪ್‌ಸೆಟ್ ಕಂಪನಿಯೊಂದರ ಸಹಾಯವಾಣಿ. ಮೋಟರು ಕೆಟ್ಟರೆ ರೈತರು ಫೋನ್ ಮಾಡುತ್ತಾರೆ. ನಾವು ಕೇಳಿ, ತಿಳಿದದ್ದನ್ನು ಹೇಳಿ, ಬೇಕಾದರೆ ಮೆಕ್ಯಾನಿಕ್ಕನ್ನು ಕಳಿಸುತ್ತೇವೆ. ಅಲ್ಲಿ ಎಲ್ಲರಿಗಿಂತ ಹಳಬಳು ನಾನು, ಗಂಗಾದೇವಿ. ಆದ್ದರಿಂದ ಗೊಣಗುವ ಹಕ್ಕು ನನಗಿದೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೇನೆ. ಗೋಡೆಯ ಮೇಲೆ ‘ನಾವೆಲ್ಲ ಒಂದೇ ಕುಟುಂಬ’ ಎಂಬ ಫಲಕ ಹಾಕಿದ್ದಾರೆ. ಅದರ ಕೆಳಗೆ ನಿಂತು ರಜೆ ಕೇಳಿ ನೋಡಿ, ಕುಟುಂಬ ಎಂಥದ್ದೆಂದು ಗೊತ್ತಾಗುತ್ತದೆ. ಸೋಮವಾರ ಬೆಳಿಗ್ಗೆ ಎಲ್ಲರೂ ಸುತ್ತಲೂ ನಿಂತು ‘ಹೋದ ವಾರ ನನಗೆ ಖುಷಿ ಕೊಟ್ಟದ್ದು’ ಏನೆಂದು ಹೇಳಬೇಕು. ನಾನು ಪ್ರತಿ ಸಲವೂ ‘ರವಿವಾರ’ ಎನ್ನುತ್ತೇನೆ.

ಮಳೆಗಾಲ ಮುಗಿಯುತ್ತಿದ್ದಾಗ ನಮ್ಮ ಮ್ಯಾನೇಜರ್ ಆಕಾಶ ಹೊಸ ಯಂತ್ರವೊಂದನ್ನು ತಂದ. ಆಕಾಶ ಖಾನಾಪುರದ ಹುಡುಗ, ಕೆಟ್ಟವನಲ್ಲ. ಹೊಸದು ಏನು ಬಂದರೂ ಮೊದಲು ನಂಬಿಬಿಡುವುದೊಂದು ಚಟ.

“ಇನ್ನ ಮ್ಯಾಲ ನಮ್ಮ ಎಲ್ಲಾ ಕರೆ ಕೃತಕ ಬುದ್ಧಿಮತ್ತೆ ಕೇಳ್ತೈತಿ,” ಎಂದ. “ಒಂದೊಂದು ಕರೆಗೂ ಸೌಜನ್ಯದ ಅಂಕ ಕೊಡ್ತೈತಿ. ಛಲೋ ಮಾತಾಡಿದ್ರ ಹಸಿರು, ಇಲ್ಲಾಂದ್ರ ಕೆಂಪು.”

“ಯಾಕ ಕೆಂಪು ಅಂತ ಹೇಳ್ತೈತೇನು?” ಎಂದು ಕೇಳಿದೆ.

“ಅದು ತಾನ ಕಲಿತೈತ್ರಿ ಅಕ್ಕಾರ. ಕಾರಣ ಹೇಳೂದಿಲ್ಲ.”

ಕಾರಣ ಹೇಳದೆ ಅಂಕ ಕೊಡುವ ಮಾಸ್ತರರು ನಮ್ಮ ಸಾಲೆಯಲ್ಲೂ ಇದ್ದರು. ಅವರಿಗೆ ನಾವು ಇಟ್ಟ ಹೆಸರು ಬೇರೆ.

ವಾರ ಕಳೆಯುವುದರೊಳಗೆ ಆಫೀಸಿನಲ್ಲಿ ಎಲ್ಲರಿಗಿಂತ ಹೆಚ್ಚು ಹಸಿರು ಬಂದದ್ದು ನನಗೆ. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ. ನನ್ನಷ್ಟು ಸಿಡುಕಿ ಆ ಬಂಗಲೆಯಲ್ಲಿ ಇನ್ನೊಬ್ಬಳಿಲ್ಲ. ‘ಮೋಟರ್ ಯಾವದು? ದನಿ ಮಾಡತೈತಿ? ಆತು, ಮೆಕ್ಯಾನಿಕ್ ಬರ್ತಾನ, ಇಡ್ರಿ’ ಎಂದು ಮುಗಿಸಿಬಿಡುವವಳು ನಾನು. ಎಲ್ಲರಿಗಿಂತ ಹೆಚ್ಚು ಕೆಂಪು ಬಂದದ್ದು ತಸ್ಲೀಮಾಗೆ.

ತಸ್ಲೀಮಾ ನನ್ನ ಬಾಜುವಿನ ಕುರ್ಚಿಯವಳು, ಬಿ.ಎಸ್ಸಿ. ಓದಿದವಳು. ದಿನಾ ಖಾನಾಪುರದಿಂದ ರೈಲಿಗೆ ಬರುತ್ತಾಳೆ. ತಾಯಿ ಶಾಹಜಾನಬಿಗೆ ಕಣ್ಣು ಮಂಜಾಗಿ ಹೊಲಿಗೆ ನಿಂತಿದೆ, ಮನೆಯಲ್ಲಿ ದುಡಿಯುವವಳು ಇವಳೊಬ್ಬಳೇ. ಕನ್ನಡದಲ್ಲಿ ಶುರು ಮಾಡಿ ಮರಾಠಿಗೆ ಹೊರಳುವ ರೈತರ ಜೊತೆ ತಾನೂ ಹೊರಳುತ್ತಾಳೆ. ಎಷ್ಟೋ ಜನ ಫೋನ್ ಮಾಡಿ ‘ಆ ಹುಡುಗಿಗೆ ಕೊಡ್ರಿ’ ಎನ್ನುತ್ತಾರೆ. ಅವಳಿನ್ನೂ ಕಾಯಂ ಆಗಿರಲಿಲ್ಲ. ತಿಂಗಳ ಕೊನೆಗೆ ಅಂಕ ಹಸಿರಿನಲ್ಲಿದ್ದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಕೆಂಪಿದ್ದರೂ ಕಾಯಂ ಮಾಡಬಹುದು, ಆದರೆ ಮ್ಯಾನೇಜರು ಕಾರಣ ಬರೆದು ತನ್ನ ಹೆಸರಿನ ಮೇಲೆ ಹೊಣೆ ಹೊರಬೇಕು. ಅಂಥ ಸಾಹಸವನ್ನು ನಮ್ಮ ಕಂಪನಿಯಲ್ಲಿ ಯಾರೂ ಮಾಡಿದ್ದು ನಾನು ಕಂಡಿಲ್ಲ.

“ಗಂಗಕ್ಕಾ, ನಾ ಏನ್ ತಪ್ಪ್ ಮಾಡಾಕತ್ತೀನಿ?” ಎಂದು ಒಂದು ಮಧ್ಯಾಹ್ನ ಡಬ್ಬಿ ಬಿಚ್ಚದೆ ಕೂತು ಕೇಳಿದಳು. “ಯಾರಿಗೂ ಬಿರುಸು ಮಾತಾಡಿಲ್ಲ. ಖರೇ ಹೇಳ್ರಿ, ನನ್ನ ದನೀನ ಹಂಗೈತೇನು?”

ಅವಳ ಡಬ್ಬಿಯನ್ನು ನಾನೇ ಬಿಚ್ಚಿ ಮುಂದಿಟ್ಟೆ. ಅದರ ಜೊತೆಗೇ ಈ ಯಂತ್ರದ ಕಿವಿ ಎಂಥದ್ದೆಂದು ನೋಡಿಯೇ ಬಿಡಬೇಕು ಎಂಬ ಕುತೂಹಲವೂ ಕೆರಳಿತು.

ನಮ್ಮ ಕಡೆಯ ಮಾತು ಜೋರು ಎಂಬುದು ಎಲ್ಲರೂ ಹೇಳುವ ಮಾತು. ಪ್ರೀತಿಯಿಂದ ಊಟಕ್ಕೆ ಕರೆದರೂ ದಕ್ಷಿಣದವರು ಹೆದರುತ್ತಾರೆ. ಯಂತ್ರವೂ ಹೆದರಿರಬೇಕು ಎಂದುಕೊಂಡೆ. ಊರಿನ ರವಿವಾರ ಪೇಟೆ ಎಂಬ ಬಜಾರಿನಲ್ಲಿ ನನ್ನ ಗಂಡನದು ಬೆಲ್ಲದ ಅಂಗಡಿ. ಅವರಿಗೆ ಹೇಳಿ ಅಲ್ಲಿಂದ ನಮ್ಮ ಸಹಾಯವಾಣಿಗೆ ಫೋನ್ ಮಾಡಿಸಿದೆ. ದನಿಯನ್ನು ತಗ್ಗಿಸಿ, ನಯ ಮಾಡಿ, “ಗುರುಪುತ್ರಪ್ಪನವರೇ, ನಿಮ್ಮ ತಲೆಯೊಳಗೆ ಬುದ್ಧಿ ಎಂಬುದು ಒಂದು ಚಿಟಿಕೆಯೂ ಇಲ್ಲ, ದಯವಿಟ್ಟು ಬೇಸರಿಸಬೇಡಿ,” ಎಂದೆ. ಅವರು ಪಾಪ ನಗುವುದನ್ನು ತಡೆದುಕೊಂಡು “ಆತ್ರಿ” ಎಂದರು. ಕಂಪ್ಯೂಟರಿನ ತೆರೆಯ ಮೇಲೆ ಹಸಿರು ಬಂತು.

ನನ್ನ ಸಿದ್ಧಾಂತ ಸಾಬೀತಾಯಿತು ಎಂದು ಬೀಗಿದೆ. ದನಿ ತಗ್ಗಿಸು ಎಂದು ತಸ್ಲೀಮಾಗೆ ಉಪದೇಶ ಕೊಟ್ಟೆ. ಅವಳು ತಗ್ಗಿಸಿದಳು. ಹೊಲದಲ್ಲಿ ಮೋಟರಿನ ಪಕ್ಕ ನಿಂತ ರೈತನಿಗೆ ಏನೂ ಕೇಳಿಸಲಿಲ್ಲ, ಅವನು ಹೇಳಿದ್ದನ್ನೇ ಇನ್ನಷ್ಟು ಕೂಗಿ ಹೇಳಿದ, ಕರೆ ಉದ್ದವಾಯಿತು, ಕೆಂಪು ಹಾಗೇ ಉಳಿಯಿತು. ಒಂದೇ ಪ್ರಯೋಗ ಮಾಡಿ ಜಗತ್ತಿಗೆ ಸಾರುವವರನ್ನು ನಾನು ದಿನಾ ಬೆಳಿಗ್ಗೆ ಬೈಯುತ್ತೇನೆ. ಈಗ ನಾನೇ ಆ ಸಾಲಿನಲ್ಲಿ ಹೋಗಿ ನಿಂತಿದ್ದೆ.

ಮರುದಿನ ಅದೇ ಬೇಸರದಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ನನ್ನ ಗಂಡ ಓದುತ್ತಿದ್ದರು: ಗಿಡಗಳಿಗೆ ನೀರು ಕಡಿಮೆಯಾದರೆ ಅವು ಒಂದು ಬಗೆಯ ಸದ್ದು ಮಾಡುತ್ತವಂತೆ, ನಮ್ಮ ಕಿವಿಗೆ ಕೇಳುವುದಿಲ್ಲ, ಯಂತ್ರಕ್ಕೆ ಕೇಳುತ್ತದಂತೆ. ಬೇರೆ ದಿನವಾಗಿದ್ದರೆ ಅಲ್ಲೇ ತಕರಾರು ತೆಗೆಯುತ್ತಿದ್ದೆ. ಅಂದು ಸುಮ್ಮನಿದ್ದೆ. ಅವರು ನಿಲ್ಲಿಸಿದರು.

“ಕೇಳಾಕತ್ತೀಯೋ ಇಲ್ಲೋ?”

“ಕೇಳಾಕತ್ತೀನಿ, ಓದ್ರಿ.”

“ಮತ್ತ ಹೂಂ ಅನ್ನವಲ್ಲಿ! ಗ್ವಾಡಿಗೆ ಓದಿ ಹೇಳಿದಂಗ ಆಕ್ಕೈತಿ,” ಎಂದು ಸಿಟ್ಟಾಗಿ ಸುದ್ದಿಯನ್ನು ಮೊದಲಿನಿಂದ ಓದಲು ಶುರು ಮಾಡಿದರು.

ಲಟ್ಟಣಿಗೆ ನನ್ನ ಕೈಯಲ್ಲೇ ನಿಂತಿತು. ನಮ್ಮಲ್ಲಿ ಯಾರಾದರೂ ಏನಾದರೂ ಹೇಳುತ್ತಿದ್ದರೆ ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆ ನಿಂತಿತು. ನಾನು ಫೋನಿನಲ್ಲಿ ಯಾರ ಕಥೆಯನ್ನೂ ಕೇಳುವುದಿಲ್ಲ, ಆದ್ದರಿಂದ ಹೂಂಗುಟ್ಟುವುದೂ ಇಲ್ಲ. ತಸ್ಲೀಮಾ? ಅವಳು ದಿನವಿಡೀ ಮಾಡುವುದೇ ಅದು. ‘ಹೂಂ… ಹೂಂ ಕಾಕಾ… ಹೂಂ, ಆಮ್ಯಾಲ?’

ಈ ಸಲ ಅವಸರ ಮಾಡಲಿಲ್ಲ. ಗಂಡನಿಂದ ಮತ್ತೆ ಫೋನ್ ಮಾಡಿಸಿದೆ, ಗಿಡಗಳ ಸುದ್ದಿಯನ್ನೇ ಓದಿಸಿದೆ, ಸುಮ್ಮನೆ ಕೇಳಿದೆ. ಹಸಿರು. ಅದೇ ಸುದ್ದಿ, ಅದೇ ದನಿ, ನಡುನಡುವೆ ನನ್ನ ಹೂಂ. ಕೆಂಪು. ಎಲ್ಲಿಯಾದರೂ ಎಡವಿದೆನೇನೋ ಎಂದು ಮತ್ತೊಮ್ಮೆ ಮಾಡಿದೆ, ಒಬ್ಬ ಗೆಳತಿಯಿಂದಲೂ ಮಾಡಿಸಿದೆ. ಯಂತ್ರದ ಲೆಕ್ಕದಲ್ಲಿ ಗ್ರಾಹಕರು ಮಾತಾಡುವಾಗ ಬಾಯಿ ತೆರೆದರೆ ಅದು ಅಡ್ಡ ಮಾತು. ಸುಮ್ಮನಿರುವವಳು ಸೌಜನ್ಯವತಿ. ಇದನ್ನು ಪತ್ತೆ ಮಾಡಿದ ಖುಷಿಯಲ್ಲಿ ನನಗೆ ಆ ಯಂತ್ರದ ಮೇಲೆ ಸ್ವಲ್ಪ ಮಮತೆಯೇ ಬಂತು.

ಆಕಾಶನಿಗೆ ಹೇಳಿದೆ. ಅವನು ಪುಣೆಯ ಮುಖ್ಯ ಕಚೇರಿಗೆ ಬರೆದ. ಯಂತ್ರ ಎಲ್ಲ ಊರಿಗೂ ಒಂದೇ, ಬೆಳಗಾವಿಗೆಂದು ಬೇರೆ ಮಾಡಲಾಗದು ಎಂಬ ಉತ್ತರ ಬಂತು.

“ಹಂಗಾರ ನೀ ಹೂಂ ಅನ್ನೂದ ಬಿಡು,” ಎಂದೆ ತಸ್ಲೀಮಾಗೆ. “ತಿಂಗಳ ಮುಗಿಯೂತನಕ ಅಷ್ಟ. ಕಾಯಂ ಆದ ಮ್ಯಾಲ ಎಷ್ಟ ಬೇಕ ಅಷ್ಟ ಅನ್ನು.”

ತುಟಿ ಬಿಗಿಹಿಡಿದು ಕೂತಳು. ಹೂಂ ಬಾಯಿಗೆ ಬಂದಾಗೆಲ್ಲ ಓಢಣಿಯ ತುದಿಯನ್ನು ಹಿಂಡುತ್ತಿದ್ದಳು. ಅಂಕ ಏರಿತು. ಆ ಕಡೆಯವರು ಮಾತ್ರ ‘ಹಲೋ? ಹಲೋ? ಕೇಳಸ್ತೈತೇನವಾ?’ ಎಂದು ಒದ್ದಾಡಿದರು. ಕೆಲವರು ಫೋನನ್ನೇ ಇಟ್ಟರು. ಇಟ್ಟ ಫೋನಿಗೆ ಕೆಂಪಿಲ್ಲ. ತಿಂಗಳ ಕೊನೆಯ ದಿನ ಅವಳ ಅಂಕ ಹಸಿರಿನ ಗೆರೆಯನ್ನು ಕೂದಲೆಳೆಯಷ್ಟು ದಾಟಿತ್ತು, ಅವಳು ಹಂಚಲೆಂದು ಬೆಳಿಗ್ಗೆಯೇ ಕುಂದಾದ ಸಿಹಿ ಡಬ್ಬಿ ತಂದು ನನ್ನ ಮೇಜಿನಲ್ಲಿ ಬಚ್ಚಿಟ್ಟಿದ್ದಳು.

ಮಧ್ಯಾಹ್ನ ಗೌರವ್ವ ಎಂಬ ಮುದುಕಿಯ ಫೋನ್ ಬಂತು. ಖಾನಾಪುರದ ಆಚೆ, ಮಲಪ್ರಭೆಯ ದಂಡೆಗೆ ಅವಳ ಹೊಲಮನೆ. ಅವಳ ದನಿ ಎಷ್ಟು ದೊಡ್ಡದೆಂದರೆ ತಸ್ಲೀಮಾಳ ಹೆಡ್‌ಫೋನ್ ದಾಟಿ ನನಗೂ ಕೇಳುತ್ತಿತ್ತು.

“ಏನ್ ಹೇಳ್ಲೆವಾ, ನಮ್ಮ ಎಮ್ಮಿ ನಿನ್ನಿಯಿಂದ ನೀರ ಒಲ್ಲೆ ಅನ್ನಾಕತ್ತೈತಿ. ದೃಷ್ಟಿ ಆಗೇತಂತ ಲಿಂಬಿಹಣ್ಣ ಇಳಿಸಿ ಒಗದೆ…”

ತಸ್ಲೀಮಾ ಸುಮ್ಮನಿದ್ದಳು. ಪಂಪಿನ ಕಂಪನಿಗೆ ಫೋನ್ ಮಾಡಿ ಎಮ್ಮೆಯ ದೃಷ್ಟಿ ತೆಗೆಯುವುದೇ ಎಂದು ನನಗೆ ನಗು ಬಂತು.

“ಹಲೋ? ಅದೀಯೇನವಾ? ಹಲೋ?… ಏ, ಯಾರೂ ಇಲ್ಲ ಇದರಾಗ,” ಎಂದು ಗೌರವ್ವ ಫೋನಿಟ್ಟಳು.

ತಸ್ಲೀಮಾ ತೆರೆಯನ್ನೇ ನೋಡುತ್ತ ಕೂತಳು. ಅವಳ ಬೆರಳು ಓಢಣಿಯನ್ನು ಬಿಟ್ಟಿತ್ತು.

“ಎಮ್ಮಿ ನೀರ ಯಾಕ ಒಲ್ಲೆ ಅಂತೈತಿ ಗಂಗಕ್ಕಾ?”

“ಯಾರಿಗ್ ಗೊತ್ತ? ಬಿಡು. ಇವತ್ತೊಂದ ದಿನ ಬಿಡು.”

ಅವಳು ಬಿಡಲಿಲ್ಲ. ತೆರೆಯ ಮೇಲಿನ ನಂಬರಿಗೆ ತಾನೇ ಫೋನ್ ಮಾಡಿದಳು. ಗೌರವ್ವ ಲಿಂಬೆಹಣ್ಣಿನಿಂದಲೇ ಮತ್ತೆ ಶುರು ಮಾಡಿದಳು.

“ಹೂಂ ಆಯಿ,” ಎಂದಳು ತಸ್ಲೀಮಾ. ನಾನು ಕಣ್ಣು ಮುಚ್ಚಿಕೊಂಡೆ.

“ಹೊಳ್ಯಾಗ ಒಯ್ದ್ರ ಕುಡಿತೈತಿ.”

“ಹೂಂ.”

“ಮೋಟರಿನ ನೀರ ಬೀಳೂ ಕಲ್ಲಿನ ಡೋಣ್ಯಾಗ ಮಾತ್ರ ಒಲ್ಲೆ ಅಂತೈತಿ. ಮೂಗ ಹಚ್ಚತೈತಿ, ಹಿಂದ ಸರಿತೈತಿ.”

“ಹೂಂ ಹೂಂ. ಮೋಟರ್ ಚಾಲೂ ಇದ್ದಾಗೇನು?”

“ಹೌದ ನೋಡವಾ! ಮೋಟರ್ ಬಂದ್ ಮಾಡಿದ್ರ ಕುಡಿತೈತಿ. ಅದಕ ನಿಮಗ ಕೇಳೂಣು ಅಂತ. ನಮ್ಮ ಸೊಸಿ ನಿಂಗವ್ವನೂ ಅಂದ್ಲು, ಮುಂಜಾನಿ ಆ ನೀರಾಗ ಕೈ ಇಟ್ರ ಜುಮ್ ಅಂತು ಅಂತ. ಈಗ ಅರಿವಿ ಒಗ್ಯಾಕ ಅಲ್ಲೇ ಹೊಂಟಾಳ…”

ತಸ್ಲೀಮಾ ಎದ್ದು ನಿಂತುಬಿಟ್ಟಳು. “ಆಯಿ! ಕರೀರಿ ಆಕಿನ್ನ! ನೀರ ಮುಟ್ಟಬ್ಯಾಡ ಅನ್ರಿ! ನೀರಾಗ ಕರೆಂಟ್ ಇಳದೈತಿ. ಮೇನ್ ಬಂದ್ ಮಾಡಸ್ರಿ, ನಾ ಫೋನ್ ಇಡೂದಿಲ್ಲ, ಹೋಗ್ರಿ!”

ಗೌರವ್ವ ‘ಏ ನಿಂಗೀ’ ಎಂದು ಒದರುತ್ತ ಓಡಿದ್ದು ಕೇಳಿಸಿತು. ಆಮೇಲೆ ಬರೀ ಗಾಳಿಯ ಸದ್ದು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕಾದೆವು. ಕೊನೆಗೆ ಏದುಸಿರು ಬಿಡುತ್ತ ಮುದುಕಿ ಬಂದು, ಸೊಸೆ ಡೋಣಿಯ ಹತ್ತಿರವೇ ಇದ್ದಳು, ಮುಟ್ಟಿರಲಿಲ್ಲ, ಈಗ ಮೇನ್ ಸ್ವಿಚ್ಚು ಬಂದ್ ಮಾಡಿಸಿದೆ ಎಂದಳು. ತಸ್ಲೀಮಾ ಮೆಕ್ಯಾನಿಕ್ಕನ್ನು ಕಳಿಸುವುದಾಗಿ ಹೇಳಿ ಫೋನಿಟ್ಟು ಕೂತಳು. ತೆರೆಯ ಮೇಲೆ ಕಡುಕೆಂಪು ಬಂದಿತ್ತು, ಮಾತಿಗೆ ಅಡ್ಡ ಬಂದದ್ದಲ್ಲದೆ ಕೂಗಿದ್ದಳು ಬೇರೆ. ತಿಂಗಳ ಅಂಕ ಗೆರೆಯಿಂದ ಕೆಳಗೆ ಇಳಿಯಿತು.

“ಹೋಗ್ಲಿ ಬಿಡ್ರಿ,” ಎಂದಳು. ಅವಳ ಕಣ್ಣು ತುಂಬಿತ್ತು. ಸುಮ್ಮನಿರು ಎಂದು ಕಲಿಸಿದವಳು ನಾನೇ ಎಂದು ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ನೇರವಾಗಿ ಆಕಾಶನ ಕೋಣೆಗೆ ನುಗ್ಗಿದೆ.

“ಈ ಕರೆ ಕೇಳು. ಬಣ್ಣ ನೋಡಬ್ಯಾಡ, ಕೇಳು.”

ಅವನು ಹೆಡ್‌ಫೋನ್ ಕಿವಿಗೆ ಹಾಕಿಕೊಂಡು ಕುರ್ಚಿಗೆ ಒರಗಿದ. ನಾನು ನಿಂತೇ ಇದ್ದೆ. ಗೌರವ್ವ ಈಗ ಲಿಂಬೆಹಣ್ಣು ಇಳಿಸುತ್ತಿದ್ದಾಳೆ ಎಂದು ಅಂದಾಜು ಮಾಡಿದೆ. ಆಗ ಆಕಾಶನ ಗದ್ದ ಮೆಲ್ಲಗೆ ಅಲುಗಿತು.

“ಹೂಂ,” ಎಂದ.

ಸ್ವಲ್ಪ ಹೊತ್ತಿಗೆ ಮತ್ತೆ, “ಹೂಂ… ಹೂಂ.” ಮುಂದಕ್ಕೆ ಬಾಗಿದ. ಆ ಕಡೆ ಯಾರೂ ಇರಲಿಲ್ಲ. ಮುಗಿದು ಹೋದ ಮಾತಿನ ಧ್ವನಿಮುದ್ರಣಕ್ಕೆ ಹುಡುಗ ಹೂಂಗುಟ್ಟುತ್ತಿದ್ದ. ಕೊನೆಗೆ “ಅಯ್ಯಯ್ಯ, ಮುಟ್ಟಬ್ಯಾಡ!” ಎಂದು ತಾನೂ ಎದ್ದು ನಿಂತ.

ಹೆಡ್‌ಫೋನ್ ತೆಗೆದು ನನ್ನನ್ನು ನೋಡಿದ. “ಇದಕ್ಕ ಕೆಂಪು ಕೊಟ್ಟೈತಾ?”

“ಕೊಟ್ಟೈತಿ. ನಿನಗೂ ಕೊಡ್ತಿತ್ತು. ಆಗಿಂದ ಗೌರವ್ವನ ಮಾತಿಗೆ ಅಡ್ಡ ಬರಾಕತ್ತಿ.”

“ನಾನ?”

“ನೀನ. ಹೂಂ, ಹೂಂ ಅನಕೋತ.”

ಅವನ ಮುಖ ಕೆಂಪಾಯಿತು. “ಪುಣೆಯವರು ನನ್ನ ಕೇಳ್ತಾರ್ರಿ ಅಕ್ಕಾರ,” ಎಂದ. ಭಯವಿತ್ತು ಅವನಿಗೆ, ಮುಚ್ಚಿಡಲಿಲ್ಲ. ಆಮೇಲೆ ತಸ್ಲೀಮಾಳ ಹೆಸರು ತೆರೆದು, ‘ಕಾಯಂ’ ಎಂದು ಒತ್ತಿ, ಕಾರಣ ಬರೆಯುವ ಜಾಗದಲ್ಲಿ ಉದ್ದಕ್ಕೆ ಏನೋ ಬರೆದ, ಅಳಿಸಿದ. ಕೊನೆಗೆ ಉಳಿದದ್ದು ಒಂದೇ ಸಾಲು: ‘ಇವರು ಹೇಳುವವರ ಮಾತನ್ನು ಕೊನೆಯವರೆಗೆ ಕೇಳುತ್ತಾರೆ.’ ಕೆಳಗೆ ತನ್ನ ಹೆಸರು ಹಾಕಿ ಕಳಿಸಿದ.

ಸುದ್ದಿ ಹೇಳಲು ಇಬ್ಬರೂ ಹೊರಗೆ ಬಂದೆವು. ತಸ್ಲೀಮಾ ಇನ್ನೊಂದು ಕರೆಯಲ್ಲಿದ್ದಳು. ಇನ್ನು ಕಳೆದುಕೊಳ್ಳುವುದು ಏನೂ ಇಲ್ಲವೆಂದು ತಿಳಿದಿದ್ದಳೋ ಏನೋ, ಓಢಣಿಯನ್ನು ಹಿಂಡುತ್ತಿರಲಿಲ್ಲ. ಆಕಾಶ “ತಸ್ಲೀಮಾ” ಎಂದು ಬಾಯಿ ತೆರೆದ. ಅವಳು ನಮ್ಮತ್ತ ನೋಡದೆಯೇ ತಡೆಯಿರಿ ಎಂದು ಕೈ ಎತ್ತಿದಳು.

“ಹೂಂ ಕಾಕಾ,” ಎಂದಳು, “ಆಮ್ಯಾಲ?”

ತೆರೆ ಕೆಂಪಾಯಿತು. ಮ್ಯಾನೇಜರು ಅವಳ ಕುರ್ಚಿಯ ಹಿಂದೆ ಕೈಕಟ್ಟಿ ನಿಂತು, ಕಾಕಾನ ಮಾತು ಮುಗಿಯುವವರೆಗೆ ಕಾದ.