ಹಸಿವಿನ ಅಪ್ಪಣೆ ಬೇಕಿಲ್ಲ

ನಾನು ಲಿಫ್ಟ್ ರಿಪೇರಿ ಮಾಡುವವಳು. ಹೋದ ತಿಂಗಳು ಲಿಫ್ಟಿನ ಮೇಲೆ ಕೂತು ಗ್ರೀಸ್ ಹಚ್ಚುತ್ತಿದ್ದಾಗ ಕಣ್ಣಿಗೆ ಕತ್ತಲೆ ಕವಿದು ಕುಸಿದೆ. ಊಟ ಬಿಟ್ಟೂ ಬಿಟ್ಟೂ ಮೈಯಲ್ಲಿ ಮೂಳೆಯಷ್ಟೇ ಉಳಿದಿತ್ತು. ಮೇಸ್ತ್ರಿ ಕಡ್ಡಿ ಮುರಿದ ಹಾಗೆ ಹೇಳಿದ, "ತೂಕ ಏರಿದೆ ಅಂತ ಡಾಕ್ಟ್ರು ಹೇಳೋವರೆಗೂ ಈ ಕಡೆ ತಲೆ ಹಾಕ್ಬೇಡ." ನಾಳೆ ತೂಕ ನೋಡುತ್ತಾರೆ.

ಇವತ್ತು ಬೆಳಿಗ್ಗೆಯೇ ಸೋದರತ್ತೆ ವಕ್ಕರಿಸಿದರು. ನನ್ನ ತಟ್ಟೆಯಲ್ಲೂ ಅವರ ತಟ್ಟೆಯಲ್ಲೂ ಬೆಣ್ಣೆ ಸವರಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ. ನಾನು ಮುಟ್ಟದೆ ಕೂತಿದ್ದೆ.

"ಇವಳಿಗೆ ಕೊಬ್ಬು ಅತ್ತಿಗೆ. ಸುಮ್ನೆ ಬಿಟ್ಬಿಡಿ, ಹಸಿವಾದ್ರೆ ತಾನೇ ತಿಂತಾಳೆ," ಎಂದು ಅತ್ತೆ ಅಮ್ಮನಿಗೆ ಉಪದೇಶ ಶುರುಮಾಡಿದರು.

ನನಗೆ ಮೈಯೆಲ್ಲ ಉರಿದುಹೋಯಿತು.

"ಹಸಿವಾಗಲ್ಲ ಅತ್ತೆ, ಕಾಯಿಲೆನೇ ಅದು! ನಿಮಗೆಲ್ಲ ತಿಂದ್ರೆ ಮಿದುಳಲ್ಲಿ ಏನೋ ರಸಾಯನ ಹರಿದು ಖುಷಿಯಾಗುತ್ತೆ. ನನಗೆ ಅದೇ ಭಯ ಹುಟ್ಟಿಸುತ್ತೆ. ಹೊಟ್ಟೆ ಖಾಲಿ ಇದ್ರೇನೇ ನೆಮ್ಮದಿ. ಡಾಕ್ಟ್ರು ಹೇಳಿದ್ದು, ನಾನು ಕಟ್ಟಿದ ಕತೆ ಅಲ್ಲ. ಹಸಿವಿಗೆ ಕಾಯ್ಬೇಡ, ಮಾತ್ರೆ ಥರ ಹೊತ್ತಿಗೆ ಸರಿಯಾಗಿ ನುಂಗು ಅಂದಿದ್ದಾರೆ."

"ಮಿದುಳಂತೆ, ರಸಾಯನವಂತೆ! ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?"

ತಟ್ಟೆ ತಳ್ಳಿಬಿಟ್ಟೆ. ತಳ್ಳಿದ ಕೂಡಲೇ ಒಳಗೆಲ್ಲ ತಣ್ಣಗಾಯಿತು. ಹಾಳಾದ್ದು, ಎಷ್ಟು ಹಿತ!

ಆಗ ಅತ್ತೆಯ ತಟ್ಟೆ ಕಣ್ಣಿಗೆ ಬಿತ್ತು. ಬ್ರೆಡ್ಡನ್ನು ಚೂರುಚೂರು ಮಾಡಿ ಅಂಚಿಗೆ ಹರಡಿದ್ದರು. ಅರ್ಧ ಮೊಟ್ಟೆ ಕರವಸ್ತ್ರದೊಳಗೆ ಮಾಯವಾಗಿತ್ತು. ಒಂದು ತುತ್ತೂ ಒಳಗೆ ಹೋಗಿರಲಿಲ್ಲ. ಅಯ್ಯೋ, ಇದೆಲ್ಲ ನನ್ನದೇ ವಿದ್ಯೆ! ಅರವತ್ತಾದರೂ ಕಡ್ಡಿಯ ಹಾಗಿದ್ದಾಳೆ ಎಂದು ಮನೆಮಂದಿಯೆಲ್ಲ ಹೊಗಳುವ ಅತ್ತೆ.

"ಅತ್ತೆ, ನಿಮಗೂ ಭಯಾನಾ?"

ಅವರ ಕೈ ನಿಂತಿತು. ಕರವಸ್ತ್ರವನ್ನು ಸೆರಗಿನಡಿ ಸರಿಸಿದರು.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅತ್ತೆಯ ಮೇಲಲ್ಲ, ಆಯಸ್ಸೆಲ್ಲ ಅವರನ್ನು ಹೀಗೆ ಉಪವಾಸ ಕೂರಿಸಿದ ಆ ಭಯದ ಮೇಲೆ. ನನ್ನನ್ನೂ ಕೂರಿಸುತ್ತೀಯಾ? ಕೂರಿಸು ನೋಡೋಣ! ತಟ್ಟೆಯನ್ನು ಎಳೆದುಕೊಂಡೆ. ಮೊಟ್ಟೆ ಬಾಯಿಗಿಟ್ಟು ಅಗಿದು ನುಂಗಿದೆ. ತಲೆಯೊಳಗೆ ಬೇಡ, ಬೇಡ ಎಂಬ ಕಿರುಚಾಟ. ಇನ್ನೊಂದು ತುತ್ತು ನುಂಗಿದೆ. ಒಂದು ಚೂರನ್ನೂ ಉಳಿಸಲಿಲ್ಲ.

ಅಮ್ಮ ಅಡುಗೆಮನೆಗೆ ಹೋದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು, "ಭಯ ಹೋಯ್ತೇನೇ?"

"ಎಲ್ಲಿ ಹೋಗುತ್ತೆ ಅತ್ತೆ? ಇಲ್ಲೇ ಇದೆ. ಇದ್ರೂ ತಿಂದೆ. ಮಧ್ಯಾಹ್ನಾನೂ ತಿಂತೀನಿ. ನೀವೂ ಪಕ್ಕದಲ್ಲೇ ಕೂತ್ಕೊಳ್ಳಿ."