ಮೊದಲ ಸಹಿ

ಪೆನ್ನಿಗೆ ಯಾರದೋ ಅಂಗೈಯ ಬೆವರು ಇನ್ನೂ ಅಂಟಿಕೊಂಡಿದೆ, ಕೆಜಿಎಫ್ ಬಸ್ಸು ಕ್ಯಾಸಂಬಳ್ಳಿ ಬಿಟ್ಟು ಕುಲುಕುತ್ತಿದೆ, ಮುನಿನಾರಾಯಣಪ್ಪನ ತೊಡೆಯ ಮೇಲೆ ಸರ್ಕಾರಕ್ಕೆ ಕೊಡುವ ಅರ್ಜಿ — ಗುದ್ದಿ ಕೊಂದು ಓಡಿಹೋಗುವವನಿಗೆ ಹತ್ತು ವರ್ಷ ಜೈಲು, ಅಂಥ ಕಾನೂನು ಬೇಗ ತನ್ನಿ — ಮೊದ್ಲು ನಿಂದೇ ಸೈನು ಬೀಳ್ಬೇಕು ಕಣಣ್ಣ, ಎತ್ತ ತಂದೆ ನೀನು, ಅನ್ನುತ್ತಾನೆ ಪಕ್ಕದ ಮನೆಯ ಆಂಜನಪ್ಪ, ಹೆತ್ತ ತಂದೆಯಂತೆ, ಥೂ, ನವ್ಯ ಹೋಗಿ ಮೂರು ತಿಂಗಳು, ಸ್ಕೂಟರಿನ ಮುಂದೆ ಹಾಲಿನ ಕ್ಯಾನಿಟ್ಟುಕೊಂಡು ಡೈರಿಗೆ ಹೊರಟ ಮಗಳು, ಹಿಂದೆ ಟೊಮೆಟೊ ಟೆಂಪೋದ ಮೂರ್ತಿ, ಈಗ ಜೈಲಿನಲ್ಲಿರುವವನು, ಖಾಲಿ ರಸ್ತೆಯಲ್ಲಿ ಗುದ್ದಿ ನಿಲ್ಲಿಸದೆ ಪರಾರಿಯಾದ ಎಂದು ಅರ್ಜಿಯಲ್ಲಿದೆ, ಖಾಲಿ ರಸ್ತೆ, ಎಷ್ಟು ಚೆನ್ನಾಗಿ ಹೇಳಿ ಬರೆಸಿದ್ದೀಯೋ ಮುನಿನಾರಾಯಣ — ಅಪ್ಪಾ, ತಿರುವಿನಾಗೆ ಉರ್ಳಿ ಆಕ್ಬ್ಯಾಡ, ಗಾಡಿ ಜಾರ್ತದೆ, ಹಿಂದಿನ ದಿನವೇ ಅಂದಿದ್ದಳು, ನಂಗೇಳ್ಕೊಡಕ್ ಬತ್ತೀಯೇನಮ್ಮಿ, ತಿರುವಿನಲ್ಲಿ ಗಾಡಿಗಳು ನಿಧಾನ, ಹುರುಳಿ ಗಿಡವನ್ನು ಚೆನ್ನಾಗಿ ತುಳಿಯುತ್ತವೆ, ಊರೆಲ್ಲ ಡಾಂಬರಿನ ಮೇಲೇ ಒಕ್ಕಣೆ ಮಾಡುವಾಗ ತಾನೊಬ್ಬನೇ ಯಾಕೆ ಕಣ ಸಾರಿಸಬೇಕು — ಕಾಳಿನ ಮೇಲೆ ಅವಳ ಚಕ್ರ ಜಾರಿತು, ಬಿದ್ದಳು, ಬ್ರೇಕು ಒತ್ತಿದ ಟೆಂಪೋನೂ ಅದೇ ಕಾಳಿನ ಮೇಲೆ ಜಾರಿತು, ಮೂರ್ತಿ ಓಡಲಿಲ್ಲವಲ್ಲ, ಇಳಿದು ಬಂದನಲ್ಲ, ಅಣ್ಣಾ ಇನ್ನೂ ಉಸಿರೈತೆ, ಕಾಲಿಡ್ಕಣ್ಣಾ, ಗಾಡೀಗಾಕ್ಕಂಡು ಆಸ್ಪತ್ರೆಗೋಗಾಣ, ಕಲ್ಲೆತ್ತಿದ್ದು ಯಾರು, ಕೊಂದ್ಬುಟ್ಯಲ್ಲೋ ನನ್ಮಗನೆ ಎಂದು ಅರಚಿದ್ದು ಯಾರು, ಹೊಲಗಳಿಂದ ಜನ ಕೋಲು ಹಿಡಿದು ಬಂದದ್ದು ಆ ಕೂಗಿಗೇ, ಆಮೇಲೆ ತಾನೇ ಅವನು ಗಾಡಿ ಹತ್ತಿದ್ದು, ಮೊನ್ನೆ ಅವನ ಹೆಂಡತಿ ರೂಪ ಬದುವಿನ ಮೇಲೆ ನಿಂತು ಏನೂ ಕೇಳದೆ ಅತ್ತು ಹೋದಳು, ಒಂದು ಮಾತು ಬೈದಿದ್ದರೂ ಆಗುತ್ತಿತ್ತು, ಹತ್ತು ವರ್ಷ, ಯಾರಿಗೆ ಹತ್ತು ವರ್ಷ — ಸೈನಾಕಣ್ಣ, ರಾಬರ್ಟ್‌ಸನ್‌ಪೇಟೆ ಬಂತು, ನಿನ್ ಸಂಕಟ ನಂಗೊತ್ತಾಯ್ತದೆ — ಗೊತ್ತಾಗುತ್ತದಂತೆ, ಮುನಿನಾರಾಯಣಪ್ಪ ಸಹಿ ಹಾಕಿಯೂ ಬಿಟ್ಟ, ದೀರ್ಘ ಒತ್ತು ಒಂದೂ ತಪ್ಪದಂತೆ, ಏನು ಗೊತ್ತು ನಿನಗೆ, ಕೋಲು ಹಿಡಿದವರೆಲ್ಲ ಟೆಂಪೋ ಹಿಂದೆ ಓಡಿದಾಗ ರಸ್ತೆಯಲ್ಲಿ ಉಳಿದವರು ಇಬ್ಬರೇ, ಅಪ್ಪಾ ಎಂದಳು, ಕೇಳಿಸಿತು, ಬಂದೆ ತಡಿಯಮ್ಮಿ, ಬಂದೆ, ಪೊಲೀಸರು ಬರುವುದರೊಳಗೆ, ಪೊರಕೆ ಹಿಡಿದು ಅವಳ ಸುತ್ತ ಗುಡಿಸುತ್ತಿದ್ದ, ಅವಳ ಕೈ ಅಡ್ಡ ಬಂತು, ಎತ್ತಿ ಪಕ್ಕಕ್ಕಿಟ್ಟ, ಅದರಡಿಯ ಕಾಳನ್ನೂ ಗುಡಿಸಿದ.