ಬೋರ್ಡಿನ ಮೂಲೆಯ ತಾರೀಖು

ಎರಡು ಸಾವಿರದ ಆರನೇ ಇಸವಿಯ ಜುಲೈನಲ್ಲಿ ಕೃಷ್ಣಮೂರ್ತಿಪುರಂನ ದೇವಯ್ಯನಿಗೆ ಒಟ್ಟಿಗೆ ಹನ್ನೆರಡು ಬೋರ್ಡು ಬರೆಯುವ ಕೆಲಸ ಬಂತು. ತಂದವನು ಕಂಟ್ರಾಕ್ಟರ್ ವಿಜಯ್‌ಕುಮಾರ್. ನಗರದ ಮೂರು ವೃತ್ತಗಳಲ್ಲಿ ಸಂಚಾರ ಪೊಲೀಸರು ಕೆಂಪು ದೀಪ ದಾಟುವವರ ಫೋಟೋ ತೆಗೆಯುವ ಕ್ಯಾಮೆರಾ ಕೂರಿಸಿದ್ದರು. ಪ್ರತಿ ವೃತ್ತದ ನಾಲ್ಕೂ ಕಡೆಗೆ ಎಚ್ಚರಿಕೆಯ ಬೋರ್ಡು ಬೇಕಿತ್ತು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರ, ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ. ವೃತ್ತಕ್ಕೆ ನೂರು ಮೀಟರ್ ಮೊದಲೇ ಸವಾರನ ಕಣ್ಣಿಗೆ ಬೀಳಬೇಕು, ಮರದ ಕೊಂಬೆ ಅಡ್ಡ ಬರಬಾರದು, ಬೋರ್ಡು ನೆಟ್ಟ ತಾರೀಖು ಕೆಳಗಿನ ಮೂಲೆಯಲ್ಲಿರಬೇಕು. ನಿಯಮಗಳನ್ನೆಲ್ಲ ಹೇಳಿ ವಿಜಯ್‌ಕುಮಾರ್ ಒಂದು ಮಾತು ಸೇರಿಸಿದ.

“ತಾರೀಖು ಮಾತ್ರ ಏಪ್ರಿಲ್ ಇಪ್ಪತ್ತೆಂಟು ಅಂತ ಬರ್ದ್ಬುಡಿ ದೇವಯ್ಯನೋರೆ.”

ಈಗ ಜುಲೈ ಅಲ್ಲವೇ ಎಂದು ದೇವಯ್ಯ ಕೇಳಿದ. ಆಫೀಸಿನ ಕಾಗದದಲ್ಲಿ ಹಾಗೇ ಇದೆ, ನಮಗ್ಯಾಕೆ ಅದೆಲ್ಲ ಎಂದು ವಿಜಯ್‌ಕುಮಾರ್ ನಕ್ಕ. ಆ ನಗು ದೇವಯ್ಯನಿಗೆ ಸರಿಬೀಳಲಿಲ್ಲ. ಆದರೂ ಬರೆದ. ಫ್ಲೆಕ್ಸ್ ಬಂದ ಮೇಲೆ ಕುಂಚದ ಕೆಲಸ ಕೊಡುವವರೇ ಕಡಿಮೆಯಾಗಿದ್ದರು. ಕೇಳಿ ಕೆಲಸ ಕಳೆದುಕೊಳ್ಳುವ ಧೈರ್ಯ ಅವನಿಗಿರಲಿಲ್ಲ. ಎಂದಿನಂತೆ ಅಂಚಿನಲ್ಲಿ ಸಣ್ಣದಾಗಿ ‘ದೇವು ಆರ್ಟ್ಸ್’ ಎಂದೂ ಬರೆದ.

ಬೋರ್ಡುಗಳು ಹೋದ ಮೇಲೆ ಅನುಮಾನ ಬೆಳೆಯಿತು. ಎರಡು ತಿಂಗಳು ಹಿಂದಿನ ತಾರೀಖು ಯಾರಿಗೆ ಬೇಕು, ಯಾತಕ್ಕೆ ಬೇಕು? ಒಂದು ಸಂಜೆ ಹತ್ತಿರದ ವೃತ್ತಕ್ಕೆ ನಡೆದುಹೋಗಿ ನೋಡಿದ. ಕಂಬದ ಬುಡದ ಸಿಮೆಂಟು ಇನ್ನೂ ಕಪ್ಪಗೆ ಹಸಿಯಾಗಿತ್ತು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಪ್ರೇಮಲೀಲಾಳನ್ನು ಮಾತಿಗೆಳೆದ. ನಿನ್ನೆ ಗುಂಡಿ ತೋಡಿ ನೆಟ್ಟರು ಎಂದಳು. ಕ್ಯಾಮೆರಾ ಯಾವಾಗಿನಿಂದ ಇದೆ ಎಂದರೆ, ಮೇ ಒಂದನೇ ತಾರೀಖಿನಿಂದ ಎಂದಳು. ಅಷ್ಟು ಹೇಳಿದವಳು ದಾರ ಬಿಟ್ಟು ತಲೆಯೆತ್ತಿ, ನೀವು ಯಾವ ಆಫೀಸಿನವರು, ಇದನ್ನೆಲ್ಲ ಯಾಕೆ ಕೇಳ್ತೀರಿ ಎಂದಳು. ದೇವಯ್ಯ ಮನೆಯತ್ತ ತಿರುಗಿ ಬಂದುಬಿಟ್ಟ.

ಮರುವಾರ ಅವನ ಅಂಗಡಿಯ ಮುಂದೆ ಒಂದು ಸ್ಕೂಟರ್ ನಿಂತಿತು. ಇಳಿದವರು ಗಿರಿಜಾಂಬಾ, ಪ್ರಾಥಮಿಕ ಶಾಲೆಯ ಟೀಚರು. ಮೇ ಹತ್ತೊಂಬತ್ತರಂದು ಕೆಂಪು ದೀಪ ದಾಟಿದಿರಿ ಎಂದು ಅವರಿಗೆ ಅಂಚೆಯಲ್ಲಿ ನೋಟೀಸು ಬಂದಿತ್ತು. ಅಂದು ಅಲ್ಲಿ ಎಚ್ಚರಿಕೆಯ ಬೋರ್ಡೇ ಇರಲಿಲ್ಲ, ನಿಯಮದ ಪ್ರಕಾರ ನೋಟೀಸು ನಿಲ್ಲುವುದಿಲ್ಲ ಎಂದು ಅವರು ಸಂಚಾರ ಪೊಲೀಸರ ಕಚೇರಿಗೆ ಅರ್ಜಿ ಕೊಟ್ಟಿದ್ದರು. ಅಧಿಕಾರಿ ಬೋರ್ಡಿನ ಫೋಟೋ ತರಿಸಿ ಮೂಲೆಯ ತಾರೀಖು ತೋರಿಸಿದ್ದರು. ಅಷ್ಟು ಜನರ ಎದುರಿಗೆ, ಟೀಚರಾಗಿ ಸುಳ್ಳು ಹೇಳ್ತೀರಲ್ಲ ಎಂದಿದ್ದರು.

“ದಂಡ ದೊಡ್ಡ ಮಾತಲ್ಲ ಕಣ್ರೀ. ಸುಳ್ಳಿ ಅನ್ನಿಸ್ಕೊಂಡು ನಾಳೆ ಮಕ್ಕಳ ಮುಂದೆ ಎಂಗೆ ನಿಲ್ಲಲಿ? ಬೋರ್ಡಲ್ಲಿ ನಿಮ್ಮ ಹೆಸರಿದೆ. ಯಾವತ್ತು ಬರೆದ್ರಿ ಹೇಳಿ.”

ದೇವಯ್ಯ ಅವರ ಕಣ್ಣು ತಪ್ಪಿಸಿ, ಬೋರ್ಡಿನಲ್ಲಿ ಏನಿದೆಯೋ ಅದೇ ಎಂದ. ಗಿರಿಜಾಂಬಾ ಸ್ಕೂಟರಿನ ಕಡೆ ತಿರುಗಿದರು. ಸೋಮವಾರ ಹನ್ನೊಂದಕ್ಕೆ ಮತ್ತೆ ವಿಚಾರಣೆ ಇದೆ ಎಂದಷ್ಟೇ ಹೇಳಿ ಹೋದರು.

ಅಂಗಡಿಯ ಹಿಂದೆಯೇ ಮನೆ; ಒಳಗಿನಿಂದ ಹೆಂಡತಿ ಸುಂದರಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಆ ಕಂಟ್ರಾಕ್ಟರ್ ನಿಮಗೆ ಬೇರೇನಾದರೂ ಕೊಟ್ಟನೋ ಎಂದು ಕೇಳಿದಳು. ಇಲ್ಲ ಎಂದರೂ ನಂಬಲಿಲ್ಲ. ಅವನ ಅಂಗಿಯ ಜೇಬು, ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಚೀಟಿಗಳು, ಎಲ್ಲವನ್ನೂ ತಡಕಿದಳು. ಮೂವತ್ತು ವರ್ಷ ಬಾಳಿದವಳು ತನ್ನನ್ನು ಕಳ್ಳನನ್ನು ನೋಡುವಂತೆ ನೋಡಿದ್ದು ದೇವಯ್ಯನಿಗೆ ತಡೆಯಲಾಗಲಿಲ್ಲ. ಹಾಗೆ ತಡಕುವಾಗ ವಿಜಯ್‌ಕುಮಾರ್ ಬೋರ್ಡಿನ ಒಕ್ಕಣೆ ಬರೆದುಕೊಟ್ಟಿದ್ದ ಚೀಟಿ ಅವಳ ಕೈಗೆ ಸಿಕ್ಕಿತು. ತಿರುಗಿಸಿದರೆ ಅದು ಕಬ್ಬಿಣದಂಗಡಿಯ ರಸೀದಿ: ಹನ್ನೆರಡು ಕಂಬ, ಜುಲೈ ಮೂರು. ಮುಂದಿನ ಬದಿಯಲ್ಲಿ ವಿಜಯ್‌ಕುಮಾರನದೇ ಕೈಬರಹ, ಏಪ್ರಿಲ್ ಇಪ್ಪತ್ತೆಂಟು.

ಸೋಮವಾರ ದೇವಯ್ಯ ಆ ಚೀಟಿ ಹಿಡಿದು ಕಚೇರಿಗೆ ಹೋದ. ಗಿರಿಜಾಂಬಾ ಬೆಂಚಿನ ತುದಿಗೆ ಸರಿದು ಕೂತರು. ತಮ್ಮ ವಿರುದ್ಧ ಹೇಳಲು ಬಂದಿದ್ದಾನೆ ಎಂದೇ ಅವರ ಎಣಿಕೆ. ಒಳಗೆ ಅದೇ ಅಧಿಕಾರಿ ಸಿದ್ದಲಿಂಗಸ್ವಾಮಿ ಅವನ ಮಾತೆಲ್ಲ ಕೇಳಿ, ಈ ಟೀಚರಿಗೂ ನಿಮಗೂ ಎಷ್ಟು ದಿನದ ಪರಿಚಯ, ಯಾರು ಕಳಿಸಿದರು ಎಂದು ಮತ್ತೆ ಮತ್ತೆ ಕೇಳಿದರು. ಚೀಟಿಯನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದರು. ವಿಜಯ್‌ಕುಮಾರ್ ಕೊಟ್ಟಿದ್ದ ಬಿಲ್ಲು ತರಿಸಿ ಅಕ್ಷರ ಹೋಲಿಸಿದರು. ಕಬ್ಬಿಣದಂಗಡಿಗೆ ಫೋನು ಮಾಡಿಸಿದರು. ಆಮೇಲೆ ಅವರ ಧ್ವನಿ ಇಳಿಯಿತು.

“ಸುಳ್ಳು ತಾರೀಖು ಅಂತ ಗೊತ್ತಿದ್ದೂ ಯಾಕ್ರೀ ಬರೆದ್ರಿ?”

“ತಪ್ಪಾಯ್ತು ಸ್ವಾಮಿ. ಕೆಲಸ ಹೋಗ್ಬುಡುತ್ತೆ ಅಂತ ಹೆದರಿದೆ.”

ಏಪ್ರಿಲ್‌ನಲ್ಲೇ ನೆಡಬೇಕಿದ್ದ ಬೋರ್ಡುಗಳನ್ನು ವಿಜಯ್‌ಕುಮಾರ್ ಜುಲೈವರೆಗೆ ನೆಡದೆ, ನೆಟ್ಟಿದ್ದೇನೆಂದು ಕಾಗದ ಕೊಟ್ಟು ಕೂತಿದ್ದ. ಆ ಮೂರು ವೃತ್ತಗಳಲ್ಲಿ ಬೋರ್ಡು ನಿಲ್ಲುವ ಮೊದಲು ಹೊರಟ ನೋಟೀಸುಗಳನ್ನೆಲ್ಲ ವಾಪಸು ಪಡೆದರು. ಅವನ ಕಂಟ್ರಾಕ್ಟು ರದ್ದಾಯಿತು. ದೇವಯ್ಯನಿಗೂ ಇನ್ನು ಈ ಕಚೇರಿಯ ಕೆಲಸವಿಲ್ಲ ಎಂದು ಬರೆದುಕೊಂಡರು. ಗಿರಿಜಾಂಬಾ ದಂಡದ ಮಾತು ಬಿಟ್ಟು, ಅಂದು ನನ್ನನ್ನು ಏನೆಂದಿರೋ ಅದನ್ನು ಹಿಂದಕ್ಕೆ ತಗೊಳ್ಳಿ ಎಂದು ಪಟ್ಟು ಹಿಡಿದು ನಿಂತರು. ಸಿದ್ದಲಿಂಗಸ್ವಾಮಿ ಎದ್ದು ನಿಂತು ಕ್ಷಮೆ ಕೇಳಿದರು.

ಹೊರಗೆ ಸ್ಕೂಟರ್ ಹತ್ತುವ ಮುನ್ನ ಗಿರಿಜಾಂಬಾ ದೇವಯ್ಯನತ್ತ ತಿರುಗಿದರು.

“ಚೀಟಿ ಸಿಗದಿದ್ರೆ ಬರ್ತಿದ್ರಾ?”

ದೇವಯ್ಯ ಯೋಚಿಸಿದ. ಗೊತ್ತಿಲ್ಲ ಕಣಮ್ಮ ಎಂದ. ಅವರು ಧನ್ಯವಾದ ಹೇಳಲಿಲ್ಲ, ಬೈಯಲೂ ಇಲ್ಲ. ಅವನು ಮನೆಯವರೆಗೂ ನಡೆದೇ ಹೋದ. ಬಾಗಿಲಲ್ಲೇ ಕಾಯುತ್ತಿದ್ದ ಸುಂದರಮ್ಮ ಏನಾಯಿತೆಂದು ಕೇಳಿದಳು. ಎಲ್ಲ ಹೇಳಿದ ಮೇಲೆ ಊಟಕ್ಕೆ ಬನ್ನಿ ಎಂದಳು.